ಹೆಗ್ಗದ್ದೆಯಿಂದ ದೋರಸಮುದ್ರಕ್ಕೆ

ಪ್ರವಾಸವೆಂದರೆ ದೂರ ಹೋಗುವುದೆಂದೇ ನಮ್ಮಲ್ಲಿ ಅನೇಕರ ಭಾವನೆ. ಕಾಶಿಗೆ ಹೋಗಿ ಬಂದವನಿಗೆ ಊರಿನಲ್ಲಿ ಸಿಗುವ ಮರ್ಯಾದೆ ಪಕ್ಕದ ತಾಲ್ಲೂಕಿನ ಗುಡಿಯನ್ನು ನೋಡಿಬಂದವನಿಗೆ ಸಿಗುವುದಿಲ್ಲ. ಈಚೆಗಂತೂ ಕಾಶಿಯ ಸ್ಥಾನವನ್ನು ಯೂರೋಪು ಆಕ್ರಮಿಸಿಕೊಂಡಿದೆ. ಹತ್ತಿರದಲ್ಲಿರುವುದು ಎಲ್ಲಿಗೆ ಹೋದೀತು, ಯಾವಾಗ ಬೇಕಾದರೂ ನೋಡಬಹುದು ಎಂದು ನಾವು ಮುಂದಕ್ಕೆ ಹಾಕುತ್ತ ಹೋಗುತ್ತೇವೆ. ಹೀಗೆ ಮುಂದಕ್ಕೆ ಹಾಕುತ್ತಲೇ ಕೆಲವರ ಆಯುಷ್ಯವೂ ಮುಗಿದುಹೋಗುತ್ತದೆ. ಹಾಸನದ ಸೀಮೆಯಲ್ಲಿ ಹುಟ್ಟಿ, ಹಳೇಬೀಡನ್ನು ಕಾಣದೆ ಕಣ್ಣು ಮುಚ್ಚಿದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಇಟ್ಟಿದ್ದರೆ ಅದು ಸಣ್ಣ ಪುಸ್ತಕವಂತೂ ಆಗುತ್ತಿರಲಿಲ್ಲ.

ಈ ಕಾಲೇಜಿಗೆ ಸೇರುವ ಮುನ್ನ ಎರಡು ವರ್ಷ ಕಾಲ ನಾನು ಸಕಲೇಶಪುರ ತಾಲ್ಲೂಕಿನ ಹೆಗ್ಗದ್ದೆಯ ಕಡೆ ಒಂದು ಕಾಫಿ ತೋಟದಲ್ಲಿ ರೈಟರನಾಗಿದ್ದೆ. ರೈಟರೆಂದರೆ ಸಾಹಿತಿಯೆಂದು ವಾಚಕರು ಭಾವಿಸಬಾರದು. ಬೆಳಿಗ್ಗೆ ಆಳುಗಳ ಹಾಜರಿ ಹಿಡಿದು ಚೆಕ್‌ರೋಲಿನಲ್ಲಿ ಬರೆಯುವುದು, ಸಂಜೆ ಕೊಯ್ದ ಹಣ್ಣನ್ನು ತೂಗಿ ಲೆಕ್ಕ ಬರೆಯುವುದು, ಶನಿವಾರ ಬಟವಾಡೆ ಮಾಡುವುದು, ಇಷ್ಟೇ ನನ್ನ ಬರವಣಿಗೆ. ಒಂದು ದಿನ ಜರ್ಮನಿಯಲ್ಲಿ ಎಂಜಿನಿಯರಾಗಿರುವ ನಮ್ಮೂರಿನ ಗೆಳೆಯನೊಬ್ಬ ನನ್ನ ಫೋನಿಗೆ ಕೆಲವು ಚಿತ್ರಗಳನ್ನು ಕಳುಹಿಸಿದ. ಆಫೀಸಿನ ನಾಲ್ಕು ಜನ ಸೇರಿ ಶನಿವಾರ ಕಾರಿನಲ್ಲಿ ಹೊರಟು ಪ್ರಾಗ್ ನಗರವನ್ನು ನೋಡಿ, ಸೋಮವಾರ ಮತ್ತೆ ಕೆಲಸಕ್ಕೆ ಹಾಜರಾದರಂತೆ. ಒಂದು ಚಿತ್ರದಲ್ಲಿ ಅವರೆಲ್ಲ ಹಳೆಯ ಕಲ್ಲಿನ ಸೇತುವೆಯೊಂದರ ಮೇಲೆ ಸಾಲಾಗಿ ನಿಂತಿದ್ದರು. ಅದನ್ನು ಕಟ್ಟಲು ಮೊದಲು ಮಾಡಿದ್ದು 1357ರಲ್ಲಿ ಎಂದು ಗೆಳೆಯ ಬರೆದಿದ್ದ.

ಆ ಚಿತ್ರವನ್ನು ನಾನು ಮೇಸ್ತ್ರಿಗಳಿಗೆ ತೋರಿಸಿದೆ. ಅವರು ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. “ನಮ್ ಹಳೇಬೀಡು ಇದಕ್ಕಿಂತ ಹಳೇದಲ್ವಾ ರೈಟ್ರೇ?” ಎಂದರು. “ಹೌದು ಮೇಸ್ತ್ರಿಗಳೇ, ಇನ್ನೂರು ವರ್ಷಕ್ಕಿಂತ ಹೆಚ್ಚು ಹಳೆಯದು. ನೀವು ಎಷ್ಟು ಸಲ ನೋಡಿದ್ದೀರಿ?” ಎಂದೆ. ಅವರು ನಕ್ಕರು. “ಎಲ್ಲಿ ನೋಡ್ತೀರಿ? ಕೊಯ್ಲು ಮುಗೀತು ಅನ್ನೋಷ್ಟರಲ್ಲಿ ಕಪಾತು, ಕಪಾತು ಮುಗೀತು ಅನ್ನೋಷ್ಟರಲ್ಲಿ ಮಳೆ.” ಅವರಿಗೆ ಆಗ ಐವತ್ತೈದು ದಾಟಿತ್ತು. ತೋಟದಿಂದ ಹಳೇಬೀಡಿಗೆ ಅರವತ್ತು ಕಿಲೋಮೀಟರಿನ ಆಸುಪಾಸು.

ಅಂದೇ ನಿಶ್ಚಯವಾಯಿತು. ಅದು 2024ರ ಫೆಬ್ರವರಿ ತಿಂಗಳು. ರೊಬಸ್ಟಾ ಕೊಯ್ಲು ಮುಗಿದಿತ್ತು, ಹೂಮಳೆ ಇನ್ನೂ ಬಂದಿರಲಿಲ್ಲ. ತೋಟದವರಿಗೆ ವರ್ಷದಲ್ಲಿ ಉಸಿರಾಡಲು ಬಿಡುವು ಸಿಗುವುದು ಆ ಸಂದಿನಲ್ಲಿ ಮಾತ್ರ. ಸಾಹುಕಾರರನ್ನು ಕೇಳಿದ್ದಕ್ಕೆ, ಜೀಪು ನನ್ನದು, ಡೀಸೆಲ್ಲು ನಿಮ್ಮದು ಎಂದು ಒಪ್ಪಿಕೊಂಡರು. ಹೊರಟವರು ಐದು ಜನ: ಮೇಸ್ತ್ರಿಗಳು, ನರ್ಸರಿಯಲ್ಲಿ ಸಸಿಗಳನ್ನು ನೋಡಿಕೊಳ್ಳುತ್ತಿದ್ದ ಅವರ ಪತ್ನಿ, ಪಲ್ಪರ್ ಮನೆಯ ಫಿಟ್ಟರು, ಡ್ರೈವರಣ್ಣ ಮತ್ತು ನಾನು. ಮೇಸ್ತ್ರಿಗಳ ಪತ್ನಿಯನ್ನು ತೋಟದಲ್ಲಿ ಎಲ್ಲರೂ ‘ಅಕ್ಕ’ ಎಂದೇ ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತಿದ್ದೆ. ಶನಿವಾರ ಮಧ್ಯಾಹ್ನ ಬಟವಾಡೆ ಮುಗಿಸಿ ಒಂದು ಬುಟ್ಟಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಒಂದು ಚೀಲ ಕಿತ್ತಳೆ, ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ ಇವಿಷ್ಟನ್ನು ಜೀಪಿಗೆ ಏರಿಸಿ ನಾವೂ ಏರಿದೆವು.

ಮೊದಲು ದೋಣಿಗಾಲಿನ ಬಳಿಯ ಮಂಜರಾಬಾದ್ ಕೋಟೆಯನ್ನು ನೋಡಿಕೊಂಡು ಹೋಗೋಣವೆಂದು ಡ್ರೈವರಣ್ಣ ಜೀಪನ್ನು ಅತ್ತ ತಿರುಗಿಸಿದ. ಯೂರೋಪನ್ನು ನೋಡಬೇಕೆಂಬ ಆಸೆಯುಳ್ಳ ಬಡವರಿಗೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಸ್ಥಳವಿಲ್ಲ. ಸಮುದ್ರಮಟ್ಟದಿಂದ 988 ಮೀಟರು ಎತ್ತರದ ಗುಡ್ಡದ ಮೇಲೆ ಟಿಪ್ಪು ಸುಲ್ತಾನನು 1792ರಲ್ಲಿ ಪೂರೈಸಿದ ಕೋಟೆ ಇದು. ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ಬರುವ ದಾರಿಯನ್ನು ಕಾಯುವುದಕ್ಕಾಗಿ ಕಟ್ಟಿಸಿದ್ದು. ಅವನು ಇಲ್ಲಿಗೆ ಬಂದಾಗ ಗುಡ್ಡವೆಲ್ಲ ಮಂಜಿನಿಂದ ಮುಚ್ಚಿದ್ದರಿಂದ ಮಂಜರಾಬಾದ್ ಎಂದು ಹೆಸರಿಟ್ಟನೆಂದು ಜನ ಹೇಳುತ್ತಾರೆ. ನಾವು ಹೋದಾಗ ಮಂಜೂ ಇರಲಿಲ್ಲ, ನೆರಳೂ ಇರಲಿಲ್ಲ. ಇನ್ನೂರೈವತ್ತರಷ್ಟು ಮೆಟ್ಟಿಲುಗಳನ್ನು ಹತ್ತಿ ಮೇಲೆ ನಿಂತಾಗ ಫಿಟ್ಟರು ಟಿಪ್ಪುವಿಗಿಂತ ಮೊದಲು ನೀರನ್ನು ನೆನೆದರು.

ಈ ಕೋಟೆ ದುಂಡಗೂ ಇಲ್ಲ, ಚೌಕವೂ ಅಲ್ಲ. ಎಂಟು ಮೂಲೆಯ ನಕ್ಷತ್ರ. ಹೀಗೆ ಕಟ್ಟುವ ಪದ್ಧತಿಯನ್ನು ಯೂರೋಪಿನಲ್ಲಿ ಬಹುವಾಗಿ ಬೆಳೆಸಿದವನು ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಎಂಜಿನಿಯರು ವೋಬಾನ್ ಎಂಬಾತ. ಇವನ ಕಾಲ 1633ರಿಂದ 1707. ಫಿರಂಗಿ ಬಂದ ಮೇಲೆ ಎತ್ತರದ ದುಂಡು ಬುರುಜುಗಳಿಗೆ ಬೆಲೆ ಹೋಯಿತು. ಬುರುಜಿನ ಬುಡಕ್ಕೆ ಶತ್ರು ಬಂದು ನಿಂತರೆ ಮೇಲಿನವನಿಗೆ ಅವನು ಕಾಣುವುದಿಲ್ಲ. ನಕ್ಷತ್ರದ ಕೋಟೆಯಲ್ಲಾದರೆ ಒಂದು ಮೂಲೆಯಲ್ಲಿ ನಿಂತವನಿಗೆ ಪಕ್ಕದ ಮೂಲೆಯ ಗೋಡೆಯ ಬುಡ ಪೂರ್ತಿಯಾಗಿ ಕಾಣುತ್ತದೆ. ಒಬ್ಬನ ಬೆನ್ನನ್ನು ಇನ್ನೊಬ್ಬ ಕಾಯುತ್ತಾನೆ. ಇದೇ ವೋಬಾನನು ಫ್ರಾನ್ಸಿನ ಗಡಿಯಲ್ಲಿ ನ್ಯೂಫ್ ಬ್ರಿಸಾಕ್ ಎಂಬ ಇಡೀ ಊರನ್ನೇ ಎಂಟು ಮೂಲೆಯ ಕೋಟೆಯೊಳಗೆ ಯೋಜಿಸಿದ. ಆ ಊರು ಈಗಲೂ ಇದೆ. 2008ರಲ್ಲಿ ಅವನ ಇತರ ಕೋಟೆಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅದೇ ಪದ್ಧತಿಯು ಸಮುದ್ರ ದಾಟಿ, ಫ್ರೆಂಚರ ಸ್ನೇಹವಿದ್ದ ಟಿಪ್ಪುವಿನ ಮೂಲಕ ನಮ್ಮ ಮಲೆನಾಡಿನ ಗುಡ್ಡವನ್ನು ಹತ್ತಿತು.

ವಿಚಿತ್ರವೆಂದರೆ ಕೋಟೆಯ ಒಳಗೆ ನಿಂತವನಿಗೆ ನಕ್ಷತ್ರ ಕಾಣುವುದೇ ಇಲ್ಲ. ಎತ್ತ ನೋಡಿದರೂ ಒಂದು ಮೂಲೆ, ಒಂದು ಗೋಡೆ, ಮತ್ತೊಂದು ಮೂಲೆ. ಡ್ರೈವರಣ್ಣ ಫೋನಿನಲ್ಲಿ ಆಕಾಶದಿಂದ ತೆಗೆದ ಚಿತ್ರವನ್ನು ಹುಡುಕಿ ತೋರಿಸಿದ ಮೇಲೆಯೇ ನಮಗೆಲ್ಲ ನಂಬಿಕೆಯಾದದ್ದು. ನಡುವೆ ಶಿಲುಬೆಯಾಕಾರದ ಕೊಳ, ಅದರ ಪಕ್ಕದಲ್ಲಿ ಮದ್ದನ್ನು ಇಡುತ್ತಿದ್ದ ನೆಲಮಾಳಿಗೆಗಳು. ಮೇಸ್ತ್ರಿಗಳು ಗೋಡೆಯ ಕಲ್ಲಿನ ಮೇಲೆ ಅಂಗೈ ಇಟ್ಟರು. “ಈ ಕಲ್ಲನ್ನೆಲ್ಲ ಹೊತ್ತು ತಂದೋರು ಯಾರು ರೈಟ್ರೇ?” ಎಂದು ಕೇಳಿದರು. ಕಟ್ಟಿಸಿದವನ ಹೆಸರು ಗೊತ್ತು, ಪದ್ಧತಿಯನ್ನು ರೂಪಿಸಿದವನ ಹೆಸರು ಗೊತ್ತು. ಇದು ಐಗೂರು ಪಾಳೆಯಗಾರರ ಬಲಂ ಸೀಮೆ. 1802ರಲ್ಲಿ ಇಂಗ್ಲಿಷರು ಗಲ್ಲಿಗೇರಿಸಿದ ವೆಂಕಟಾದ್ರಿ ನಾಯಕನ ಹೆಸರೂ ಗೊತ್ತು. ಕಲ್ಲು ಹೊತ್ತವನ ಹೆಸರು ಮಾತ್ರ ಅಲ್ಲಿ ಯಾವ ಗೋಡೆಯ ಮೇಲೂ ನಮಗೆ ಕಾಣಲಿಲ್ಲ. “ಅವರ ಚೆಕ್‌ರೋಲು ಸಿಗಲಿಲ್ಲ ಮೇಸ್ತ್ರಿಗಳೇ” ಎಂದೆ. ಎಲ್ಲರೂ ನಕ್ಕರು. ಆದರೆ ಪ್ರಶ್ನೆ ನಮ್ಮೊಡನೆಯೇ ಜೀಪಿನಲ್ಲಿ ಬಂದು ಕುಳಿತುಕೊಂಡಿತು.

ಸಕಲೇಶಪುರದಲ್ಲಿ ಹೇಮಾವತಿಯನ್ನು ದಾಟಿ ಬೇಲೂರನ್ನು ಮುಟ್ಟುವ ಹೊತ್ತಿಗೆ ದೀಪ ಹೊತ್ತಿತ್ತು. ಮೊದಮೊದಲು ರಸ್ತೆಯ ಎರಡು ಕಡೆಯೂ ಸಿಲ್ವರ್ ಮರಗಳು, ಅವುಗಳನ್ನು ತಬ್ಬಿದ ಮೆಣಸಿನ ಬಳ್ಳಿಗಳು, ಕೆಳಗೆ ಕಾಫಿ. ಮುಂದೆ ಹೋದಂತೆ ಗುಡ್ಡಗಳು ತಗ್ಗುತ್ತವೆ, ಆಕಾಶ ಅಗಲವಾಗುತ್ತದೆ, ಮಲೆನಾಡು ತನ್ನ ಕಂಬಳಿಯನ್ನು ಮಡಿಸಿಟ್ಟು ಬಯಲುಸೀಮೆಯ ಪಂಚೆ ಉಟ್ಟಂತೆ ಕಾಣುತ್ತದೆ. ಆ ರಾತ್ರಿ ಒಂದು ಛತ್ರದಲ್ಲಿ ಎರಡು ಕೋಣೆ ಹಿಡಿದು ತಂಗಿದೆವು. ತಿಗಣೆಯ ಕಥೆಯನ್ನು ಇಲ್ಲಿ ಬರೆದು ವಾಚಕರ ನಿದ್ದೆ ಕೆಡಿಸುವುದಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಚೆನ್ನಕೇಶವನ ಗುಡಿಯ ಅಂಗಳದಲ್ಲಿದ್ದೆವು. ತಲಕಾಡಿನಲ್ಲಿ ಚೋಳರನ್ನು ಗೆದ್ದ ವಿಷ್ಣುವರ್ಧನನು 1117ರಲ್ಲಿ ಈ ದೇವರನ್ನು ಪ್ರತಿಷ್ಠೆ ಮಾಡಿಸಿದನು. ಪಕ್ಕದ ಕಪ್ಪೆ ಚೆನ್ನಿಗರಾಯನ ಗುಡಿ ಶಾಂತಲಾದೇವಿಯದು. ಈ ಗುಡಿಗಳ ವರ್ಣನೆಯನ್ನು ನಾನು ಮಾಡಲು ಹೊರಟರೆ ಸೂರ್ಯನಿಗೆ ದೀವಟಿಗೆ ಹಿಡಿದಂತೆ. ನನ್ನ ಸಂಗಡಿಗರು ನೋಡಿದ ಬಗೆಯನ್ನು ಮಾತ್ರ ಹೇಳುತ್ತೇನೆ. ಫಿಟ್ಟರಿಗೆ ಮದನಿಕೆಯರು ಬೇಕಾಗಲಿಲ್ಲ. ಅವರು ನವರಂಗದ ಕಂಬಗಳ ಹತ್ತಿರವೇ ನಿಂತುಬಿಟ್ಟರು. ನರಸಿಂಹ ಕಂಬವು ಹಿಂದೆ ತಿರುಗುತ್ತಿತ್ತೆಂದು ಅಲ್ಲಿಯ ಜನ ಹೇಳುತ್ತಾರೆ. ಅದನ್ನು ಕೇಳಿದ್ದೇ ತಡ, ಅವರು ಬಗ್ಗಿ ಅದರ ಬುಡವನ್ನೂ ಕತ್ತೆತ್ತಿ ಅದರ ತಲೆಯನ್ನೂ ಮೂರು ಸಲ ನೋಡಿ, “ಬೇರಿಂಗ್ ಎಲ್ಲಿ ಕೂರಿಸಿದ್ದಾರು?” ಎಂದು ತಮ್ಮಲ್ಲೇ ಹೇಳಿಕೊಂಡರು. ಕಂಬಗಳ ಮೇಲಿನ ಬಳೆಬಳೆಯಂಥ ಗೆರೆಗಳು ಲೇತಿಗೆ ಕೊಟ್ಟ ಹಾಗಿವೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಅದನ್ನು ತಿರುಗಣೆಯ ಮೇಲೆ ತಿರುಗಿಸಿಯೇ ಇಂಥ ಕಂಬಗಳನ್ನು ಮಾಡಿದರೆಂಬುದು ವಿದ್ವಾಂಸರ ಮತ. ನಮ್ಮ ಫಿಟ್ಟರೂ ಆ ಮತದವರೇ.

ಅಕ್ಕ ಹೊರಗೆ ಮದನಿಕೆಯರನ್ನು ನೋಡುತ್ತಿದ್ದರು. ಕನ್ನಡಿ ಹಿಡಿದ ದರ್ಪಣಸುಂದರಿಯ ಕೆಳಗೆ ಬಹಳ ಹೊತ್ತು ನಿಂತಿದ್ದು, “ತಮ್ಮಾ, ಇವಳು ಒಂದಿನಾನೂ ಬುಟ್ಟಿ ಹೊತ್ತವಳಲ್ಲ ನೋಡು, ಕುತ್ತಿಗೆ ಹೇಗಿದೆ!” ಎಂದರು. ಆ ಮೇಲೆ ಮಾರ್ಗದರ್ಶಿಯೊಬ್ಬರು ಒಂದು ತಂಡಕ್ಕೆ ಜಕಣಾಚಾರಿ, ಡಂಕಣಾಚಾರಿಯರ ಕಥೆಯನ್ನು ಹೇಳುತ್ತಿದ್ದುದನ್ನು ನಾವೂ ಕಿವಿಯಿಟ್ಟು ಕೇಳಿದೆವು. ಮೂರ್ತಿಯ ಹೊಟ್ಟೆಯಲ್ಲಿ ಕಪ್ಪೆ ಇದೆಯೆಂದು ಮಗ ತೋರಿಸಿದನು, ತಂದೆ ತನ್ನ ಬಲಗೈಯನ್ನು ಕಡಿದುಕೊಂಡನು ಎಂಬ ಆ ಕಥೆ ಕನ್ನಡನಾಡಿನ ಮಕ್ಕಳಿಗೆಲ್ಲ ಗೊತ್ತು. ಕಥೆ ಸೊಗಸಾಗಿದೆ. ಆದರೆ ಮದನಿಕೆಯರ ಪಾದದ ಪೀಠಗಳಲ್ಲಿ ಕೆತ್ತಿರುವ ಹೆಸರುಗಳು ಬೇರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಾವು ಮಾಡಿದ ವಿಗ್ರಹಗಳ ಕೆಳಗೆ ತಮ್ಮ ಹೆಸರುಗಳನ್ನು ತಾವೇ ಬರೆದಿದ್ದಾರೆ. ಕೆಲವರು ತಮ್ಮ ಬಿರುದುಗಳನ್ನೂ ಸೇರಿಸಿದ್ದಾರೆ. ಶಿಲ್ಪಿಗೂ ಜಂಬವಿರುತ್ತದೆ, ಇರಬೇಕಾದದ್ದೇ.

ನಾನು ಇದನ್ನು ಹೇಳಿದಾಗ ಮೇಸ್ತ್ರಿಗಳು ತಡೆದು ನಿಂತರು. “ಬಳ್ಳಿಗಾವೆ ಅಂದ್ರೆ ಎಲ್ಲಿ?” “ಈಗಿನ ಶಿವಮೊಗ್ಗ ಜಿಲ್ಲೆ, ಶಿಕಾರಿಪುರದ ಕಡೆ.” “ಹಂಗಾದ್ರೆ ಕೆಲಸಕ್ಕೆ ಅಂತ ಊರು ಬಿಟ್ಟು ಬಂದೋರು ಅನ್ನಿ.” ಆ ಮಾತನ್ನು ನಾನು ಯೋಚಿಸಿರಲೇ ಇಲ್ಲ. ನಮ್ಮ ತೋಟದ ಲೈನು ಮನೆಗಳಲ್ಲಿ ಆಗ ಅಸ್ಸಾಮಿನಿಂದ ಬಂದ ಕೆಲಸಗಾರರ ಸಂಸಾರಗಳಿದ್ದವು. ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರು ರೈಲಿನಲ್ಲಿ ಬಂದು, ಭಾಷೆ ಬಾರದ ಊರಿನಲ್ಲಿ ಹಣ್ಣು ಕೊಯ್ದು ದುಡ್ಡನ್ನು ಊರಿಗೆ ಕಳುಹಿಸುತ್ತಿದ್ದರು. ದಾಸೋಜನೂ ಅವನ ಮಗನೂ ಹೀಗೆಯೇ ಉಳಿ ಸುತ್ತಿಗೆಗಳನ್ನು ಗಂಟು ಕಟ್ಟಿಕೊಂಡು, ಕೆಲಸವಿದ್ದ ಕಡೆಗೆ ಬಂದವರು. ಒಂಬೈನೂರು ವರ್ಷಗಳ ಅಂತರದಲ್ಲಿ ಕೆಲಸದ ದಾರಿ ಬಹಳವೇನೂ ಬದಲಾಗಿಲ್ಲ. ಬದಲಾದದ್ದು ಒಂದೇ: ಅವರು ಮಾಡಿದ್ದರ ಕೆಳಗೆ ಅವರ ಹೆಸರು ಉಳಿಯಿತು.

ಬೇಲೂರಿನಿಂದ ಹಳೇಬೀಡು ಹದಿನಾರು ಕಿಲೋಮೀಟರು. ಅಲ್ಲಿಗೆ ಹೋಗುವವರು ಒಂದು ಗುಡಿಯನ್ನು ನೋಡಲು ಹೋಗುತ್ತೇವೆಂದು ತಿಳಿಯುತ್ತಾರೆ. ವಾಸ್ತವವಾಗಿ ನಾವು ಹೋಗುವುದು ಒಂದು ನಗರಕ್ಕೆ. ಅದು ದೋರಸಮುದ್ರ, ಹೊಯ್ಸಳರ ರಾಜಧಾನಿ. ದೊಡ್ಡ ಕೆರೆಯೇ ಊರಿಗೆ ಹೆಸರು ಕೊಟ್ಟಿತು. ಸುತ್ತಲೂ ಕೋಟೆಯಿತ್ತು, ಅದರ ಗೋಡೆಗಳು ಅಲ್ಲಲ್ಲಿ ಇನ್ನೂ ಉಳಿದಿವೆ. ಅರಮನೆಯಿದ್ದ ಸ್ಥಳವನ್ನು ಈಗ ಬೆಣ್ಣೆಗುಡ್ಡವೆನ್ನುತ್ತಾರೆ. 1311ರಲ್ಲಿ ಮಲಿಕ್ ಕಾಫೂರನ ಸೈನ್ಯ ಬಂದು ಸಂಪತ್ತನ್ನು ಸೂರೆಮಾಡಿತು. ಮುಂದೆ ಮಹಮ್ಮದ್ ಬಿನ್ ತುಘಲಕನ ಕಾಲದಲ್ಲಿ, 1327ರ ಸುಮಾರಿಗೆ, ಮತ್ತೊಮ್ಮೆ ಪೆಟ್ಟುಬಿದ್ದಿತು. ಮೂರನೆಯ ಬಲ್ಲಾಳನು ಅಲ್ಲಿ ಇಲ್ಲಿ ಬೀಡುಬಿಟ್ಟು ಹೋರಾಡುತ್ತ ಕಡೆಗೆ 1342ರ ಹೊತ್ತಿಗೆ ಮಧುರೆಯ ಸುಲ್ತಾನನ ಕೈಯಲ್ಲಿ ಸತ್ತನು. ಅರಸನಿಲ್ಲದ ರಾಜಧಾನಿಯನ್ನು ಜನರು ಹಳೆಯ ಬೀಡು ಎಂದರು. ಯೂರೋಪಿನ ನಗರಗಳಲ್ಲಿ ಹಳೆಯ ಸೇತುವೆಯ ಮೇಲೆ ಇಂದಿಗೂ ಜನ ತುಂಬಿ ನಡೆಯುತ್ತಾರೆ. ದೋರಸಮುದ್ರದ ಪೇಟೆಬೀದಿಗಳಿದ್ದ ಕಡೆಯಲ್ಲಿ ನಾವು ಕಂಡದ್ದು ಹೊಲ, ತೆಂಗು ಮತ್ತು ಮೇಯುತ್ತಿದ್ದ ಎಮ್ಮೆಗಳು.

ಹೊಯ್ಸಳೇಶ್ವರನ ಗುಡಿಯನ್ನು ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲನು 1121ರಲ್ಲಿ ಆರಂಭಿಸಿದನು. ಅರಸನ ಹೆಸರಿನ ಹೊಯ್ಸಳೇಶ್ವರ ಒಂದು, ರಾಣಿಯ ಹೆಸರಿನ ಶಾಂತಲೇಶ್ವರ ಇನ್ನೊಂದು. ಎರಡು ಗುಡಿಗಳೂ ಕೈಹಿಡಿದು ನಿಂತಂತಿವೆ. ಶಿಖರಗಳು ಇಲ್ಲ. ನಾವು ಹೋಗುವುದಕ್ಕೆ ಐದು ತಿಂಗಳ ಹಿಂದೆಯಷ್ಟೇ, 2023ರ ಸೆಪ್ಟೆಂಬರಿನಲ್ಲಿ, ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋವಿನ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದವು. ಭಾನುವಾರವಾದುದರಿಂದ ಜನಜಾತ್ರೆ. ಬಿಸಿಲಿಗೆ ಕಾದ ಚಪ್ಪಡಿಯ ಮೇಲೆ ಬರಿಗಾಲಿನಲ್ಲಿ ಎಲ್ಲರೂ ಕುಣಿಯುತ್ತ ನಡೆಯುತ್ತಿದ್ದರು. ತೋಟದಲ್ಲಿ ಸವೆದ ಕಾಲಿನ ನಮ್ಮ ಮೇಸ್ತ್ರಿಗಳೊಬ್ಬರೇ ನಿಧಾನವಾಗಿ ನಡೆದವರು.

ಅವರು ಮೇಲೆ ನೋಡಲಿಲ್ಲ, ಬುಡವನ್ನು ನೋಡಿದರು. ಬುಡದ ಸುತ್ತ ಒಂದರ ಮೇಲೊಂದು ಪಟ್ಟಿಗಳು: ಆನೆ, ಸಿಂಹ, ಬಳ್ಳಿ, ಕುದುರೆ, ರಾಮಾಯಣ ಮಹಾಭಾರತದ ಕಥೆಗಳು, ಮಕರ, ಹಂಸ. ಎಲ್ಲಕ್ಕೂ ಕೆಳಗೆ, ಎಲ್ಲವನ್ನೂ ಹೊತ್ತು, ಆನೆಗಳ ಸಾಲು. ಮೇಸ್ತ್ರಿಗಳು ಆ ಸಾಲಿನ ಜೊತೆಗೇ ಬಗ್ಗಿ ಬಗ್ಗಿ ನಡೆದರು. ನಮ್ಮ ಸಕಲೇಶಪುರ ಆಲೂರು ಸೀಮೆಯಲ್ಲಿ ಆನೆಯೆಂದರೆ ಕಲ್ಲಿನ ಆನೆಯಲ್ಲ. ಬೆಳಗಿನ ಹಾಜರಿಗೆ ಮುಂಚೆ ಯಾವ ತೋಟದಲ್ಲಿ ಹಿಂಡು ಇದೆಯೆಂದು ವಿಚಾರಿಸಿಯೇ ಆಳುಗಳನ್ನು ಕಳುಹಿಸಬೇಕು. ಅರಣ್ಯ ಇಲಾಖೆಯ ಸಂದೇಶ ಫೋನಿಗೆ ಬರುತ್ತದೆ. ಆನೆಯ ಕಾಲಿಗೆ ಸಿಕ್ಕಿ ಸತ್ತವರ ಮನೆಗಳು ನಮ್ಮ ಕಡೆ ಒಂದೆರಡಲ್ಲ. ಮೇಸ್ತ್ರಿಗಳು ತಾವೇ ಎರಡು ಸಲ ಓಡಿ ಬದುಕಿದವರು. ಅಂಥವರು ಒಂದು ಆನೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, “ರೈಟ್ರೇ, ಇದನ್ನ ಮಾಡಿದೋನು ಆನೇನ ಹತ್ತಿರದಿಂದ ಕಂಡೋನು. ಕಿವಿ ನೋಡಿ, ಸೊಂಡಿಲು ಸುತ್ತಿರೋದು ನೋಡಿ. ಸಿಟ್ಟು ಬಂದಾಗ ಹೀಗೇ ಮಾಡೋದು. ಆ ಮುಂದಿನದಕ್ಕೆ ಸಿಟ್ಟಿಲ್ಲ” ಎಂದರು. ಒಂದಕ್ಕೊಂದು ಹೋಲದ ಆ ಆನೆಗಳನ್ನು ನಾನು ಶಾಲೆಯ ಪ್ರವಾಸದಲ್ಲಿ ನೋಡಿದ್ದೆ. ಅವುಗಳಲ್ಲಿ ಸಿಟ್ಟಿನದು ಯಾವುದು, ಸಿಟ್ಟಿಲ್ಲದ್ದು ಯಾವುದು ಎಂದು ತಿಳಿದದ್ದು ಅಂದು.

ಗುಡಿಯ ತೆಂಕಣ ಬದಿಗೆ ಒಂದು ಕಂಬವಿದೆ. ಬಹುಮಂದಿ ಅದರ ಪಕ್ಕದಲ್ಲಿ ಚಿತ್ರ ತೆಗೆಸಿಕೊಂಡು ಮುಂದಕ್ಕೆ ಹೋಗುತ್ತಾರೆ. ಅದರ ಮೇಲೆ ಕತ್ತಿ ಹಿಡಿದು ತಮ್ಮ ತಲೆಗಳನ್ನು ತಾವೇ ಕಡಿದುಕೊಳ್ಳುತ್ತಿರುವ ವೀರರ ಆಕೃತಿಗಳಿವೆ. ಇಮ್ಮಡಿ ವೀರಬಲ್ಲಾಳನು 1220ರಲ್ಲಿ ತೀರಿಕೊಂಡಾಗ, ಅವನು ಮಗನಂತೆ ಸಾಕಿ ಬೆಳೆಸಿದ್ದ ಕುವರ ಲಕ್ಷ್ಮನೆಂಬ ದಂಡನಾಯಕನು ಪತ್ನಿ ಮತ್ತು ಸಂಗಡಿಗರೊಡನೆ ಪ್ರಾಣಬಿಟ್ಟನು. ಒಡೆಯನಿದ್ದಷ್ಟು ದಿನ ಮಾತ್ರ ಬದುಕುತ್ತೇವೆಂದು ಭಾಷೆ ಕೊಟ್ಟವರನ್ನು ಹೊಯ್ಸಳರ ನಾಡಿನಲ್ಲಿ ಗರುಡರೆನ್ನುತ್ತಿದ್ದರು. ಇಂಥ ಭಾಷೆಗೆ ಹಳಗನ್ನಡದಲ್ಲಿ ವೇಳೆವಾಳಿ ಎಂದು ಹೆಸರು. ಆ ಕಂಬದ ಶಾಸನ ಕುವರ ಲಕ್ಷ್ಮನ ನಿಷ್ಠೆಯನ್ನು ಬಣ್ಣಿಸುತ್ತದೆ.

ನಾನು ಇದನ್ನು ಸ್ವಲ್ಪ ಆವೇಶದಿಂದಲೇ ವಿವರಿಸಿದೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಐದು ಜನರೂ ಒಬ್ಬ ಸಾಹುಕಾರರ ಸಂಬಳ ತಿನ್ನುವವರು. “ಉಪ್ಪಿನ ಋಣ ಅಂತ ಇರುತ್ತೆ” ಎಂದ ಡ್ರೈವರಣ್ಣ. “ಋಣ ದುಡಿದು ತೀರ್ಸೋದಪ್ಪಾ, ತಲೆ ಕೊಟ್ಟು ತೀರ್ಸೋದಾ?” ಎಂದರು ಫಿಟ್ಟರು. ಮೇಸ್ತ್ರಿಗಳು, “ಮಗನ ಹಾಗೆ ಸಾಕಿದ್ದ ಅಂತಾರಲ್ಲ, ದುಃಖ ತಡೀಲಿಲ್ಲವೇನೋ” ಎಂದು ಆ ಸತ್ತವನ ಪರವಾಗಿ ಮೆಲ್ಲಗೆ ಮಾತಾಡಿದರು. ಅಕ್ಕ ಕಂಬವನ್ನೇ ನೋಡುತ್ತಿದ್ದವರು ಕೇಳಿದರು: “ಅವನು ಭಾಷೆ ಕೊಟ್ಟಿದ್ದ, ಸತ್ತ. ಹೆಂಡ್ತಿ ಯಾರಿಗೆ ಭಾಷೆ ಕೊಟ್ಟಿದ್ಲು? ಅವಳನ್ನ ಯಾರಾದ್ರೂ ಕೇಳಿದ್ರಾ ತಮ್ಮಾ?”

ಚರಿತ್ರೆಯ ಯಾವ ಪುಸ್ತಕದಲ್ಲಿಯೂ ನಾನು ಆ ಪ್ರಶ್ನೆಯನ್ನು ಓದಿರಲಿಲ್ಲ. ಒಂದು ದೊಡ್ಡ ನಗರದಲ್ಲಿ ನಿಂತು, ಒಂದು ದೊಡ್ಡ ಕಂಬದ ಮುಂದೆ, ನರ್ಸರಿಯಲ್ಲಿ ಬುಟ್ಟಿಗೆ ಮಣ್ಣು ತುಂಬುವ ಹೆಂಗಸೊಬ್ಬಳು ಎಂಟುನೂರು ವರ್ಷದ ಹಿಂದಿನ ಹೆಂಗಸೊಬ್ಬಳ ಪರವಾಗಿ ಕೇಳಿದಳು. ಉತ್ತರ ಕೊಡುವವರು ಯಾರೂ ಇರಲಿಲ್ಲ. ನಾವು ಮರದ ನೆರಳಿಗೆ ಹೋಗಿ ಉಳಿದ ಅಕ್ಕಿರೊಟ್ಟಿಯನ್ನು ತಿಂದೆವು.

ಊಟದ ತರುವಾಯ ಅರ್ಧ ಮೈಲಿಯ ಆಚೆ ಬಸ್ತಿಹಳ್ಳಿಯ ಬಸದಿಗಳಿಗೆ ಹೋದೆವು. ಜನರ ನೂಕುನುಗ್ಗಲು ಅಲ್ಲಿಗೆ ಬಂದಿರಲಿಲ್ಲ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿ ಅಲ್ಲಿದೆ. ಒಳಗಿನ ಕಂಬಗಳು ಎಷ್ಟು ನುಣುಪಾಗಿವೆಯೆಂದರೆ ಎದುರು ನಿಂತವನ ನೆರಳು ಅವುಗಳಲ್ಲಿ ಕಾಣುತ್ತದೆ. ಫಿಟ್ಟರು ಅಂಗಿಯ ತೋಳಿನಿಂದ ತಮ್ಮ ಮುಖವನ್ನು ಒರಸಿಕೊಂಡು ಕಂಬದಲ್ಲಿ ನೋಡಿಕೊಂಡರು. ಅವರ ಮುಖದಲ್ಲಿದ್ದ ಸಂತೋಷವನ್ನು ನಾನು ಪಲ್ಪರ್ ಮನೆಯಲ್ಲಿ ಒಂದು ದಿನವೂ ಕಂಡಿರಲಿಲ್ಲ.

ಕತ್ತಲಾಗುವ ಮುನ್ನ ತೋಟ ಸೇರಬೇಕೆಂದು ಡ್ರೈವರಣ್ಣ ಅವಸರ ಮಾಡಿದ. ಕಲ್ಲಿನ ಆನೆಗಳನ್ನು ಹೊಗಳಿದವರು ಜೀವದ ಆನೆಗಳಿಗೆ ಹೆದರಿ ನಾಲ್ಕು ಗಂಟೆಗೇ ಹೊರಟೆವು. ಸಕಲೇಶಪುರ ದಾಟಿದ ಮೇಲೆ ಒಂದು ಕಡೆ ಜನ ಗುಂಪುಗೂಡಿದ್ದರು. ಹಿಂಡು ರಸ್ತೆ ದಾಟುತ್ತಿದೆಯೆಂದರು. ಇಪ್ಪತ್ತು ನಿಮಿಷ ದೀಪ ಆರಿಸಿ ಕುಳಿತಿದ್ದೆವು. ಕಾಡಿನಿಂದ ಕೊಂಬೆ ಮುರಿಯುವ ಸದ್ದು ಕೇಳಿಸಿತು, ಆನೆ ಕಾಣಿಸಲಿಲ್ಲ. ಮೇಸ್ತ್ರಿಗಳು ಕಿವಿಗೊಟ್ಟು ಕೇಳಿ, “ಸಿಟ್ಟಿಲ್ಲ” ಎಂದರು.

ಪ್ರವಾಸದ ಕಥೆ ಇಲ್ಲಿಗೆ ಮುಗಿಯಬೇಕು. ಆದರೆ ಅದರ ಫಲವನ್ನು ಹೇಳದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ನಮ್ಮ ತೋಟದ ಆಫೀಸಿನ ಅಟ್ಟದ ಮೇಲೆ ಐವತ್ತು ಅರವತ್ತು ವರ್ಷಗಳ ಹಿಂದಿನ ಚೆಕ್‌ರೋಲುಗಳ ಗಂಟು ಇತ್ತು. ನನಗಿಂತ ಮುಂಚೆ ಇದ್ದ ಎಷ್ಟೋ ರೈಟರುಗಳ ಕೈಬರಹ. ಅವುಗಳಲ್ಲಿ ಗಂಡಸರಿಗೆ ಹೆಸರಿದೆ. ಅನೇಕ ಹೆಂಗಸರು ಮಾತ್ರ ಇಂಥವನ ಹೆಂಡತಿ, ಇಂಥವನ ತಾಯಿ ಎಂದೇ ನಮೂದಾಗಿದ್ದಾರೆ. ಹಳೇಬೀಡಿನಿಂದ ಬಂದ ಮೇಲೆ ಅಕ್ಕ ಒಂದು ಮಧ್ಯಾಹ್ನ ಆಫೀಸಿಗೆ ಬಂದು ಅವುಗಳನ್ನು ತೆಗೆಸಿದರು. ತಮ್ಮ ಅತ್ತೆ ಅದೇ ತೋಟದಲ್ಲಿ ಮೂವತ್ತು ವರ್ಷ ದುಡಿದವರು, ಅವರ ಹೆಸರು ಎಲ್ಲಾದರೂ ಇದೆಯೇ ನೋಡು ಎಂದರು. ಇಬ್ಬರೂ ಧೂಳು ಕೊಡವುತ್ತ ಹುಡುಕಿದೆವು. ಹಾಜರಿ ಇತ್ತು, ದಿನಗೂಲಿ ಇತ್ತು, ಮು೦ಗಡ ಕೊಟ್ಟ ಲೆಕ್ಕವಿತ್ತು, ಹೆಸರು ಇರಲಿಲ್ಲ.

ಆ ಏಪ್ರಿಲಿನಲ್ಲಿ ಕಾಫಿ ಒಣಗಿಸುವ ಹಳೆಯ ಕಣವನ್ನು ಒಡೆದು ಹೊಸದಾಗಿ ಸಿಮೆಂಟು ಹಾಕಿದರು. ನಮ್ಮ ತೋಟದವರೇ ಕಲ್ಲು ಹಾಸಿ, ಗಾರೆ ಕಲಸಿ, ಸಮಮಾಡಿ ಮುಗಿಸಿದರು. ಕೊನೆಯ ಸಂಜೆ ಸಿಮೆಂಟು ಇನ್ನೂ ಹಸಿಯಾಗಿದ್ದಾಗ ಮೇಸ್ತ್ರಿಗಳು ನನ್ನನ್ನು ಕರೆದು, “ರೈಟ್ರೇ, ಮೂಲೇಲಿ ಕೆಲಸ ಮಾಡಿದೋರ ಹೆಸರು ಬರೀರಿ. ಬೇಲೂರಲ್ಲಿ ಬರ್ದಿಲ್ವಾ?” ಎಂದರು. ನಾನು ಒಂದು ಮೊಳೆಯಿಂದ ಬರೆದೆ: ಗಾರೆಯವರದು, ಕಲ್ಲು ಹೊತ್ತವರದು, ಅಸ್ಸಾಮಿನ ಇಬ್ಬರು ಹುಡುಗರದು. ಅಕ್ಕನ ಸರದಿ ಬಂದಾಗ ಅವರು ಮೊಳೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಸಾಕ್ಷರತಾ ತರಗತಿಯಲ್ಲಿ ಕಲಿತ ಅಕ್ಷರ. ನಾಲ್ಕು ಅಕ್ಷರ ಬರೆಯಲು ಐದು ನಿಮಿಷ ಹಿಡಿಯಿತು. ತಮ್ಮ ಹೆಸರು ಬರೆದು, ಅದರ ಕೆಳಗೆ ಅತ್ತೆಯ ಹೆಸರನ್ನೂ ಬರೆದರು. ಗಂಡನ ಹೆಸರನ್ನು ಪಕ್ಕದಲ್ಲಿ ಸೇರಿಸಲಿಲ್ಲ. ಅದನ್ನು ಕಂಡು ಮೇಸ್ತ್ರಿಗಳು, “ನನ್ನದು ಆಗಲೇ ಬಂದಾಯ್ತಲ್ಲ” ಎಂದು ನಕ್ಕರು. ಮಾರನೆಯ ದಿನ ಸಾಹುಕಾರರು ಬಂದು, ಮೂಲೆಯನ್ನು ನೋಡಿ, ಒಂದೊಂದು ಹೆಸರನ್ನೂ ಓದಿ, “ಸಿಮೆಂಟು ಬಿರುಕು ಬಿಡದಿದ್ದರೆ ಸರಿ” ಎಂದು ಹೊರಟುಹೋದರು. ಅದು ಅವರ ಒಪ್ಪಿಗೆಯೆಂದು ನಾವು ತಿಳಿದೆವು.

ರಾಜಧಾನಿಗಳು ಅರಸರವೆಂದು ನಾವು ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ಬರೆಯುತ್ತೇವೆ, ಅಂಕವನ್ನೂ ಪಡೆಯುತ್ತೇವೆ. ದೋರಸಮುದ್ರದಲ್ಲಿ ಅರಮನೆ ಉಳಿಯಲಿಲ್ಲ; ಕೆಲಸ ಉಳಿಯಿತು. ಆ ಕೆಲಸವನ್ನು ಯಾರು ಮಾಡಿದರೆಂದು ತಿಳಿಯುವ ಭಾಗ್ಯ ಪ್ರಪಂಚದ ಎಷ್ಟೋ ಪ್ರಸಿದ್ಧ ನಗರಗಳಿಗಿಲ್ಲ. ಹೊಯ್ಸಳರ ನಾಡಿಗೆ ಅದು ಬಹಳ ಮಟ್ಟಿಗೆ ಇದೆ. ನಮ್ಮ ಜಿಲ್ಲೆಯ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಆದ ಗುಡಿಗೆ ಹೋದರೆ ಬೈಚೋಜ ಮತ್ತು ಮಲ್ಲಿತಮ್ಮರ ಹೆಸರುಗಳು ಸಿಗುತ್ತವೆ. ಆದರೆ ಕಲ್ಲನ್ನು ಗಣಿಯಿಂದ ಎಬ್ಬಿಸಿದವರು, ಗಾಡಿ ಹೊಡೆದವರು, ಕೆಲಸದವರಿಗೆ ಗಂಜಿ ಬೇಯಿಸಿದ ಹೆಂಗಸರು ಅಲ್ಲಿಯೂ ಪೀಠದ ಮೇಲೆ ಏರಲಿಲ್ಲ. ಅಷ್ಟರಮಟ್ಟಿಗೆ ಆ ಶಿಲಾಲೇಖಗಳೂ ನಮ್ಮ ತೋಟದ ಅಟ್ಟದ ಮೇಲಿನ ಗಂಟಿನ ಹಾಗೆಯೇ.

ನಮ್ಮ ಕಾಲೇಜಿನಿಂದ ಪ್ರತಿವರ್ಷ ಯಾರಾದರೂ ಒಂದು ಬಸ್ಸು ಮಾಡಿಕೊಂಡು ಬೇಲೂರು ಹಳೇಬೀಡುಗಳಿಗೆ ಹೋಗುತ್ತಲೇ ಇರುತ್ತಾರೆ. ಅವರಲ್ಲಿ ನನ್ನದೊಂದು ಬಿನ್ನಹ. ಮದನಿಕೆಯ ಮುಖವನ್ನು ನೋಡಿದ ಮೇಲೆ ಪಾದದ ಕೆಳಗೂ ಒಂದು ಸಲ ನೋಡಿರಿ; ಅಕ್ಷರ ಸವೆದಿದ್ದರೆ ಬಲ್ಲವರನ್ನು ಕೇಳಿ ಓದಿಸಿಕೊಳ್ಳಿರಿ. ಸಾಧ್ಯವಾದರೆ ನಿಮ್ಮ ಮನೆಯಲ್ಲಿ ಇನ್ನೂ ಹಳೇಬೀಡನ್ನು ಕಾಣದ ಹಿರಿಯರೊಬ್ಬರನ್ನು ಸಂಗಡ ಕರೆದುಕೊಂಡು ಹೋಗಿರಿ. ಅವರಿಗೆ ನೀವು ಚರಿತ್ರೆಯನ್ನು ಹೇಳಿಕೊಡಬಹುದು. ಆನೆಗೆ ಸಿಟ್ಟು ಬಂದಿದೆಯೇ ಇಲ್ಲವೇ ಎಂಬುದನ್ನು ಅವರು ನಿಮಗೆ ಹೇಳಿಕೊಟ್ಟಾರು.